ಕಿವಿ ಮೇಸ್ತ್ರಿಯ ಸೋಪು ನೀರು

ಜೂನ್ ೪

ಅಣ್ಣ,

ಅಜ್ಜಿ ಮತ್ತೆ ಕೂತುಬಿಟ್ಟಿದ್ದಾಳೆ. ನಮ್ಮಜ್ಜಿಯಲ್ಲ, ಅವಳು ಫೋಟೋದಲ್ಲಿ ನೆಟ್ಟಗೇ ಇದ್ದಾಳೆ. ಬಸ್ಸಜ್ಜಿ, ನಮ್ಮ ಓಡಾಡುವ ಲೈಬ್ರರಿ. ಸಂಜೆ ಶಾಲೆಯ ಗೋಡೆ ಪಕ್ಕ ಸರಿಯಾಗಿಯೇ ನಿಲ್ಲಿಸಿ ಬರುತ್ತೇವೆ. ಬೆಳಗ್ಗೆ ಹೋಗಿ ನೋಡಿದರೆ ಎಡಗಡೆ ಹಿಂದಿನ ಸೊಂಟ ಕುಸಿದು, ಚಕ್ರದ ಮೇಲಿನ ತಗಡು ಟಯರಿಗೆ ತಾಗುವಂತಾಗಿರುತ್ತದೆ. ಎಂಜಿನ್ ಹಾಕಿ ಹತ್ತು ನಿಮಿಷ ಕಾದರೆ ಸ್ಪ್ರಿಂಗಿನ ಬದಲು ಇರುವ ಗಾಳಿಚೀಲಕ್ಕೆ ಗಾಳಿ ತುಂಬಿಕೊಂಡು ಮೆಲ್ಲಗೆ ಎದ್ದು ನಿಲ್ಲುತ್ತಾಳೆ. ಅಷ್ಟರಲ್ಲಿ ಕಪಾಟಿನ ಕಾದಂಬರಿಗಳೆಲ್ಲ ನೆಲದ ಮೇಲೆ. ಇವತ್ತು ಬೆಳಗ್ಗೆ ವ್ಯಾಕರಣದ ಪುಸ್ತಕದ ಮೇಲೆ ಪತ್ತೇದಾರಿ ಕಾದಂಬರಿ ಬಿದ್ದು ಮಲಗಿತ್ತು. ಯಾರನ್ನು ಹಿಡಿಯಲು ಬಂದಿತ್ತೋ!

ಗಾಳಿ ಇದ್ದರೆ ಗತ್ತು, ಇಲ್ಲದಿದ್ದರೆ ಕುತ್ತು ಅಂತ ಒಂದು ಸಾಲು ಹೊಸೆದೆ. ಇವರು ನಗಲಿಲ್ಲ.

ಜುಲೈ ಹದಿನೆಂಟಕ್ಕೆ ತಪಾಸಣೆ. ವಾಲಿದ ಬಸ್ಸನ್ನು ಅವರು ರಸ್ತೆಗೆ ಬಿಡುವುದಿಲ್ಲ. ಬಸ್ಸು ನಿಂತರೆ ಏಳು ಶಾಲೆಗಳಿಗೆ, ಒಂದು ವೃದ್ಧಾಶ್ರಮಕ್ಕೆ ಪುಸ್ತಕ ನಿಂತಂತೆ. ನಮ್ಮ ಸಂಸಾರವೂ ನಿಂತಂತೆ, ಅದು ಬೇರೆ ಮಾತು. ಇವರಿಗೆ ಹೇಳಿದರೆ "ಮಾರಿಬಿಡೋಣ" ಅಂತಾರೆ. ನಿನಗೆ ಗೊತ್ತಲ್ಲ, ಹನ್ನೆರಡು ವರ್ಷದಿಂದ ಇವರು ಬಸ್ಸು ಓಡಿಸುತ್ತಾರೆ, ತೊಳೆಯುತ್ತಾರೆ, ಆದರೆ ಕೆಳಗೆ ಬಗ್ಗಿ ಸಹ ನೋಡುವುದಿಲ್ಲ. ಪೆನ್ನು ಉರುಳಿ ಕೆಳಗೆ ಹೋದರೆ ಕೋಲು ಹಾಕಿ ಎಳೆದುಕೊಳ್ಳುತ್ತಾರೆ.

ವರ್ಕ್‌ಶಾಪಿನವರು ಹಳೇ ಬಸ್ಸು ಮಾರುವಾಗ ನೂರರಲ್ಲಿ ಇದನ್ನೇ ಆರಿಸಿಕೊಟ್ಟವನು ನೀನು. ಒಂದು ಸಲ ಬಾ. ಎಲ್ಲರೂ ಕಿವಿ ಮೇಸ್ತ್ರಿ ಅನ್ನುವ ನೀನು ಬಂದು ಪಕ್ಕದಲ್ಲಿ ನಿಂತು ತಲೆ ವಾಲಿಸಿದರೆ ಸಾಕು, ಎಲ್ಲಿ ಸೋರುತ್ತಿದೆ ಅಂತ ತಿಳಿಯುತ್ತದೆ. ಫೋನ್ ಮಾಡೋಣವೆಂದರೆ ಅತ್ತಿಗೆ ಎತ್ತಿ "ಅವರು ಸ್ನಾನಕ್ಕೆ ಹೋಗಿದ್ದಾರೆ" ಅಂತಾರೆ. ಈ ಊರುಕೇರಿಯಲ್ಲೆಲ್ಲ ನಿನ್ನಷ್ಟು ಶುದ್ಧವಾದ ಮನುಷ್ಯ ಇರಲಾರ. ಮೆಸೇಜು ಹಾಕಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಅದಕ್ಕೇ ಕಾಗದ.

ತಂಗಿ


ಜೂನ್ ೯

ಪ್ರಾಸಮ್ಮನಿಗೆ,

ಬರಲು ಆಗುವುದಿಲ್ಲ. ಮಂಡಿ ನೋವು.

ಹೇಳಿದಷ್ಟು ಮಾಡು, ಅದಕ್ಕಿಂತ ಹೆಚ್ಚು ಮಾಡಬೇಡ. ಸಂಜೆ ಬಸ್ಸು ನಿಲ್ಲಿಸಿದ ಮೇಲೆ ನಾಲ್ಕೂ ಮೂಲೆಯಲ್ಲಿ ನೆಲದಿಂದ ಚಕ್ರದ ಕಮಾನಿನವರೆಗೆ ಟೇಪು ಹಿಡಿದು ಅಳೆ, ಸೀಮೆಸುಣ್ಣದಲ್ಲಿ ಅಲ್ಲೇ ಬರೆ. ಬೆಳಗ್ಗೆ ಎಂಜಿನ್ ಹಾಕುವ ಮೊದಲು ಮತ್ತೆ ಅಳೆ. ಒಂದೇ ಮೂಲೆ ಇಳಿದಿದ್ದರೆ ಆ ಮೂಲೆಯ ಗಾಳಿಚೀಲವೋ ಪೈಪೋ ವಾಲ್ವೋ ಸೋರುತ್ತಿದೆ. ಎಲ್ಲ ಇಳಿದಿದ್ದರೆ ಟ್ಯಾಂಕಿನ ಕಡೆಯದು. ನಿಘಂಟುಗಳನ್ನೆಲ್ಲ ಯಾವ ಕಡೆ ಜೋಡಿಸಿದ್ದೀಯ? ಎಡಗಡೆಯಾದರೆ ಅರ್ಧವನ್ನು ಬಲಕ್ಕೆ ಹಾಕು. ಭಾರದಿಂದ ಸೋರುವುದಿಲ್ಲ, ಸೋರುವುದನ್ನು ಭಾರ ಬೇಗ ತೋರಿಸುತ್ತದೆ.

ಆಮೇಲೆ ಬಕೆಟ್ಟಿನಲ್ಲಿ ಸೋಪು ನೀರು ನೊರೆ ಬರುವಂತೆ ಕಲಸಿ, ಗಾಳಿ ತುಂಬಿದಾಗ ಗಾಳಿಚೀಲದ ಸುತ್ತ ಬ್ರಶ್ಶಿನಿಂದ ಬಳಿ. ಹೊರಗಿನಿಂದ ಕೈಗೆಟುಕುವಷ್ಟು ಮಾತ್ರ. ಗುಳ್ಳೆ ಎದ್ದ ಕಡೆ ಸೋರಿಕೆ. ಕಿವಿಯನ್ನು ನಂಬಬೇಡ. ಯಾರ ಕಿವಿಯನ್ನೂ.

ತಲೆಯನ್ನು ಕೆಳಗೆ ತೂರಿಸಬೇಡ. ಜಾಕಿ ಮೇಲಿದ್ದರೂ ಬೇಡ, ಜಾಕಿ ಜಾರಿದರೆ ಬಸ್ಸನ್ನು ಹೊರುವುದು ಕಬ್ಬಿಣದ ಸ್ಟ್ಯಾಂಡು ಮಾತ್ರ. ವರ್ಕ್‌ಶಾಪಿನ ಗೋಡೆಯ ಮೇಲೆ ಪೇಂಟರು ಬರೆದಿದ್ದರು, "ಮೊದಲು ಸ್ಟ್ಯಾಂಡು, ಆಮೇಲೆ ರುಂಡ". ನಿನ್ನದಕ್ಕಿಂತ ಒಳ್ಳೆಯ ಪ್ರಾಸ. ನೆನಪಿಟ್ಟುಕೋ.

ಅಣ್ಣ


ಜೂನ್ ೧೫

ಅಣ್ಣ,

ಅಳೆದೆ. ಎಡ ಹಿಂದಿನದು ಒಂಬತ್ತು ಸೆಂಟಿಮೀಟರ್ ಇಳಿದಿದೆ, ಉಳಿದ ಮೂರು ಕದಲಿಲ್ಲ. ಮೂರು ದಿನವೂ ಹಾಗೇ. ನಿಘಂಟುಗಳು ಎಡಗಡೆಯೇ ಇದ್ದವು, ಸರಿಸಿದೆ. ಈಗ ಎರಡೂ ಕಡೆಗೆ ಅರ್ಥ ಸಮವಾಗಿದೆ. ಸೋಪು ಬಳಿದೆ. ಒಂದು ಗುಳ್ಳೆಯೂ ಇಲ್ಲ. ಬಸ್ಸಿನ ಆ ಮೂಲೆ ಮಾತ್ರ ಮದುಮಗಳ ಹಾಗೆ ಹೊಳೆಯುತ್ತಿದೆ.

ಒಂದು ಮಾತು ಕೇಳುತ್ತೇನೆ. ಸೋಪು ನೀರು ನೀನು ಯಾವತ್ತು ಕಲಿತೆ? ಯಾರಾದರೂ ಬಕೆಟ್ ತಂದರೆ "ಬಟ್ಟೆ ಒಗೆಯೋಕೆ ಬಂದ್ಯೇನಯ್ಯ?" ಅಂತ ಅಟ್ಟುತ್ತಿದ್ದವನಲ್ಲವೇ ನೀನು? ನೀನು ಬಸ್ಸಿನ ಪಕ್ಕ ಕೂತು, ತಲೆ ವಾಲಿಸಿ, ಪೈಪಿನ ಮೇಲೆ ಬೆರಳಾಡಿಸಿ, ಕೊನೆಗೆ "ಮೌನ" ಅಂದರೆ ಮುಗಿಯಿತು. ಆ ಮಾತಿನ ಮೇಲೆ ಜನ ಸ್ಟ್ಯಾಂಡೂ ಇಡದೆ ಕೆಳಗೆ ಹೋಗುತ್ತಿದ್ದರು.

ಪೇಂಟರೂ ಹಾಗೇ ಚಾಸಿಗೆ ಬಣ್ಣ ಬಳಿಯಲು ಕೆಳಗೆ ಹೋದದ್ದು.

ಆ ದಿನದ ಮಾತು ಎತ್ತಬಾರದೆಂದೇ ಇದ್ದೆ. ಆದರೆ ನಿಘಂಟು ಸರಿಸುವಾಗ ಇವರು ತಾವಾಗಿಯೇ ಬಾಯಿ ಬಿಟ್ಟರು. ಇವರು ಪೂರ್ತಿ ಹೇಳಿದ್ದು ಇದೇ ಮೊದಲು. ಆಗ ನಿನ್ನ ಕೈಕೆಳಗಿನ ಫಿಟ್ಟರಲ್ಲವೇ, ಅವತ್ತು ವಾಲ್ವಿನ ಪೈಪಿಗೆ ನಟ್ಟು ಕೂರಿಸುತ್ತಿದ್ದರಂತೆ. ಸ್ಪ್ಯಾನರು ಜಾರುತ್ತಿತ್ತು, ಬೇರೆಯದು ತರಲು ಎದ್ದರಂತೆ. ಏಳುವಾಗ ನಿನಗೆ "ಮೇಸ್ತ್ರಿ, ಕೊನೇ ಸುತ್ತು ಬಾಕಿ ಇದೆ, ನಾನು ಬರೋತನಕ ಯಾರನ್ನೂ ಬಿಡಬೇಡಿ" ಅಂದರಂತೆ. ನೀನು ತಲೆಯಾಡಿಸಿದೆಯಂತೆ. ಸ್ಪ್ಯಾನರು ಹುಡುಕಿ ಬರುವಷ್ಟರಲ್ಲಿ ನಟ್ಟು ಕಿತ್ತು, ಗಾಳಿ ಹೋಗಿ, ಬಸ್ಸು ಪೇಂಟರ ಬಲಭುಜದ ಮೇಲೆ ಕೂತಿತ್ತು.

ವಿಚಾರಣೆಯಲ್ಲಿ ನೀನು "ನನಗೆ ಹೇಳಲಿಲ್ಲ" ಅಂದೆ. ಇವರು ಸುಳ್ಳುಗಾರರಾಗಿ ಕೆಲಸ ಬಿಟ್ಟರು. ಅದೆಲ್ಲ ನಮಗೆ ಗೊತ್ತಿರುವುದೇ. ನನಗೆ ಗೊತ್ತಿಲ್ಲದ್ದು ಇದು: ಕೈಯಲ್ಲಿ ನಿಘಂಟು ಹಿಡಿದುಕೊಂಡು ಇವರು ನನ್ನನ್ನು ಕೇಳಿದರು, "ನಾನು ನಿಜವಾಗಲೂ ಹೇಳಿದ್ನಾ? ಅಥವಾ ಹೇಳಬೇಕು ಅಂದುಕೊಂಡು, ಹೇಳ್ದೆ ಅಂತ ಆಮೇಲೆ ನಂಬಿಕೊಂಡ್ನಾ?" ಹನ್ನೆರಡು ವರ್ಷದಿಂದ ಅದನ್ನೇ ತಿರುವುತ್ತಿದ್ದಾರೆ, ಅಣ್ಣ. ಆ ಮನುಷ್ಯನಿಗೆ ತನ್ನ ಬಾಯಿಯ ಮೇಲೇ ನಂಬಿಕೆ ಇಲ್ಲ.

ನಿನ್ನನ್ನು ದೂರುತ್ತಿಲ್ಲ. ನಿನಗೆ ನೆನಪಿರುವಷ್ಟು ಬರೆದರೆ ಸಾಕು.

ತಂಗಿ


ಜೂನ್ ೧೯

ತಂಗಿಗೆ,

ಗುಳ್ಳೆ ಬರಲಿಲ್ಲ ಎಂದರೆ ಗಾಳಿಚೀಲದ ಮಡಿಕೆಯೊಳಗೆ ಸಣ್ಣ ಬಿರುಕು ಇರಬಹುದು. ಚೀಲ ಹಿಗ್ಗಿದಾಗ ಕಾಣುವುದಿಲ್ಲ, ಕುಗ್ಗಿದಾಗ ಬಾಯಿ ಬಿಡುತ್ತದೆ. ಹಳೆಯ ರಬ್ಬರಿನ ಸ್ವಭಾವ ಅದು. ಹೊಸದೊಂದನ್ನು ಪಾರ್ಸೆಲ್ ಮಾಡಿದ್ದೇನೆ. ಟಯರ್ ಅಂಗಡಿಯವರನ್ನು ಕರೆಸು. ಚಾಸಿಯ ಕೆಳಗೆ ಎರಡು ಸ್ಟ್ಯಾಂಡು ಇಡಿಸಿ, ಚಕ್ರ ಬಿಚ್ಚಿಸಿ, ಪಕ್ಕದಿಂದಲೇ ಬದಲಾಯಿಸಲಿ. ಕೂರಿಸುವ ಮೊದಲು ತಳದ ತಟ್ಟೆಯ ತುಕ್ಕು ಕೆರೆಯಬೇಕು. ಮೇಲಿನ ಬೋಲ್ಟನ್ನು ಪೂರ್ತಿ ಬಿಗಿಯಬೇಕು. ಬಿಗಿದವರೇ ಇನ್ನೊಂದು ಸಲ ನೋಡಬೇಕು. ಅವರು ನೋಡಿದ್ದನ್ನು ಮತ್ತೊಬ್ಬರು ನೋಡಬೇಕು. ಅದರ ಜೊತೆಗೆ ಪೈಪಿನ ರಬ್ಬರ್ ವಾಷರೂ ಇಟ್ಟಿದ್ದೇನೆ, ಆರು. ಒಂದು ಸಾಕು, ಆದರೂ ಇರಲಿ. ಒಳ್ಳೆಯ ಟಾರ್ಚು ಒಂದು. ಮಕ್ಕಳಿಗೆ ಬಣ್ಣದ ಪೆನ್ಸಿಲು ಎರಡು ಡಬ್ಬಿ.

ಹಳೆಯ ವಿಷಯ ಬರೆಯುವಷ್ಟು ಈ ಹಾಳೆಯಲ್ಲಿ ಜಾಗ ಇಲ್ಲ.

ಅಣ್ಣ


ಜುಲೈ ೩

ಅಣ್ಣನವರಿಗೆ,

ಹಾಳೆಯ ಹಿಂಬದಿ ಖಾಲಿ ಇತ್ತು. ನೋಡಿದೆ.

ಹೊಸ ಗಾಳಿಚೀಲ ಕೂರಿಸಿ ಒಂದು ವಾರವಾಯಿತು. ಮಾರನೆಯ ಬೆಳಗ್ಗೆ ಒಂಬತ್ತು ಸೆಂಟಿಮೀಟರ್. ಅದಾದ ಮೇಲೂ ಒಂಬತ್ತೇ. ತಪ್ಪು ರೋಗಕ್ಕೆ ಒಳ್ಳೇ ಔಷಧ ಕಳಿಸಿದ್ದೀಯ. ಟಯರ್ ಅಂಗಡಿಯವನು ಹೇಳಿದ್ದು ಇಷ್ಟು: "ಅಕ್ಕಾ, ನೀವು ತೆಗೆಸಿದ ಹಳೇದೂ ಚೆನ್ನಾಗೇ ಇದೆ. ಸೋರೋದು ಆಚೆ, ಚಕ್ರದ ಅಚ್ಚಿನ ಮೇಲುಗಡೆ. ಕೆಳಗೆ ಹೋಗದೆ ಸಿಗಲ್ಲ."

ಭಾನುವಾರ ಫೋನ್ ಮಾಡಿದೆ. ಅಪರೂಪಕ್ಕೆ ನೀನೇ ಎತ್ತಿದೆ. ಸ್ಪೀಕರ್ ಹಾಕಿದ್ದೆ, ಇವರು ಪಕ್ಕದಲ್ಲೇ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರು. "ಅಣ್ಣ, ನಿಂಗೆ ಇವರ ಮೇಲೆ ಇನ್ನೂ ಸಿಟ್ಟಿದ್ಯಾ?" ಅಂತ ನಾನು ಕೇಳಿದೆ. "ಹೌದೌದು" ಅಂತ ನಿನ್ನ ಉತ್ತರ. "ಅವತ್ತು ಇವರು ಹೇಳಿದ್ದು ಸುಳ್ಳು ಅಂತಲೇ ಈಗಲೂ ಅಂತೀಯಾ?" ಅಂತ ಕೇಳಿದೆ. "ಸರಿ ಸರಿ, ಬಹಳ ಸಂತೋಷ" ಅಂದು ಇಟ್ಟುಬಿಟ್ಟೆ.

ಸಂತೋಷವೇ ಅಣ್ಣ? ಆ ಒಂದು ಪದ ಕೇಳಿ ಇವರ ಕೈಯಲ್ಲಿದ್ದ ಸೂಜಿ ನಿಂತಿತು. ಎರಡು ದಿನ ಬಿಟ್ಟು "ಈ ಭಾನುವಾರ ನಾನೇ ಕೆಳಗೆ ಹೋಗ್ತೀನಿ" ಅಂದರು. ಸ್ಟ್ಯಾಂಡು ಅಂದೆ. ಸೋಪು ನೀರು ಅಂದೆ. "ಯಾವ್ದೂ ಬೇಡ. ಕಿವಿ ಮೇಸ್ತ್ರಿ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದೀನಿ. ಕಿವಿಯಿಂದಲೇ ಹುಡುಕ್ತೀನಿ. ಕೂತರೆ ಕೂರಲಿ, ಆಗಲಾದ್ರೂ ಲೆಕ್ಕ ಸರಿಹೋಗುತ್ತೆ" ಅಂದರು.

ಈ ಕಾಗದದಲ್ಲಿ ಪ್ರಾಸ ಬರುತ್ತಿಲ್ಲ. ನನಗೆ ಭಯವಾಗುತ್ತಿದೆ. ಇವರನ್ನು ತಡೆಯುವ ಮಾತು ನಿನ್ನ ಹತ್ತಿರ ಇದ್ದರೆ ಕಳಿಸು. ಇಲ್ಲದಿದ್ದರೆ ಪೆನ್ಸಿಲು, ಟಾರ್ಚು ಇನ್ನು ಮೇಲೆ ಕಳಿಸಬೇಡ.

ತಂಗಿ


ಜುಲೈ ೬

ತಂಗಿ,

ಮೆಸೇಜು ನೋಡಿರುತ್ತೀಯ. "ಕಾಗದ ತಲುಪುವವರೆಗೆ ಅವರನ್ನು ಕೆಳಗೆ ಬಿಡಬೇಡ." ನಾನು ಇಲ್ಲಿಯವರೆಗೆ ಕಳಿಸಿದ್ದರಲ್ಲಿ ಅದೇ ಉದ್ದದ್ದು. ಕೊರಿಯರಿನವನು ನಾಳೆ ಮಧ್ಯಾಹ್ನ ತಲುಪಿಸುತ್ತೇನೆ ಅಂತ ಬರೆದು ಕೊಟ್ಟಿದ್ದಾನೆ.

ಮೊದಲು ಫೋನಿನ ವಿಷಯ. ನೀನು ಏನು ಕೇಳಿದೆ ಎಂದು ನನಗೆ ತಿಳಿದದ್ದು ಕಾಗದ ಓದಿದ ಮೇಲೆ. ಗಾಳಿಚೀಲ ತಲುಪಿತು, ಕೂರಿಸಿದೆವು ಅಂತ ಹೇಳುತ್ತಿದ್ದೀಯ ಅಂದುಕೊಂಡೆ. ಅದಕ್ಕೇ ಸಂತೋಷ ಅಂದೆ.

ನನಗೆ ಕಿವಿ ಕೇಳಿಸುವುದಿಲ್ಲ.

ಇಷ್ಟು ಸಣ್ಣ ವಾಕ್ಯ ಅಂತ ಈಗ ಬರೆದ ಮೇಲೆ ಗೊತ್ತಾಯಿತು. ನಿನ್ನ ಅತ್ತಿಗೆಗೆ ಬಿಟ್ಟರೆ ಯಾರಿಗೂ ಹೇಳಿದ್ದಿಲ್ಲ. ಅವಳು ಪಾಪ, ನನ್ನನ್ನು ದಿನಕ್ಕೆ ನಾಲ್ಕು ಸಲ ಸ್ನಾನಕ್ಕೆ ಕಳಿಸುತ್ತಾಳೆ. ಬಲಗಿವಿ ಹೋಗಿ ಹದಿನಾರು ವರ್ಷವಾಯಿತು. ಎಡದ್ದು ಲಾರಿಯ ಹಾರನ್ನಿಗೆ, ಯಾರಾದರೂ ಹತ್ತಿರ ಬಂದು ಕೂಗಿದ್ದಕ್ಕೆ ಒದಗುತ್ತಿತ್ತು. ಈಗ ಅದೂ ಇಲ್ಲ. ಇಪ್ಪತ್ತೈದು ವರ್ಷ ಕಂಪ್ರೆಸರಿನ ಪಕ್ಕ ನಿಂತವನಿಗೆ ಇನ್ನೇನಾಗಬೇಕು? ಆಗ ಹೇಳಿದ್ದರೆ ಸ್ಟೋರಿನಲ್ಲಿ ಕೂರಿಸುತ್ತಿದ್ದರು, ಅಷ್ಟೇ. ಆದರೆ ಕಿವಿ ಮೇಸ್ತ್ರಿ ಅಂತ ಹೆಸರಿಟ್ಟುಕೊಂಡು ಕಿವುಡ ಅಂತ ಹೇಗೆ ಹೇಳಲಿ? ಸೋರಿಕೆ ಹುಡುಕುತ್ತಿದ್ದದ್ದು ಬೆರಳಿನಿಂದ. ಬೆರಳನ್ನು ನಾಲಿಗೆಗೆ ತಾಗಿಸಿ ಪೈಪಿನ ಉದ್ದಕ್ಕೂ ಆಡಿಸುವುದು. ತಣ್ಣಗಾದ ಕಡೆ ಗಾಳಿ ಬರುತ್ತಿದೆ ಅಂತ ಅರ್ಥ. ತಲೆ ವಾಲಿಸುತ್ತಿದ್ದದ್ದು ನೋಡುವವರಿಗಾಗಿ.

ಅವತ್ತು ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿಕೊಂಡಿದ್ದೆ. ತಣ್ಣಗಾದದ್ದು ಗೊತ್ತಾಗುವಂತಿರಲಿಲ್ಲ. ಆದರೂ ಬೆರಳಾಡಿಸಿದೆ, ತಲೆ ವಾಲಿಸಿದೆ, "ಮೌನ" ಅಂದೆ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು. ಎಲ್ಲವೂ ಮೌನವೇ.

ಅದಕ್ಕೆ ಮೊದಲು ಭಾವ ಎದ್ದು ನಿಂತು ನನಗೆ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತು. ಕೈಯನ್ನು ಬಸ್ಸಿನ ಕಡೆ ತೋರಿಸಿದ್ದೂ ಕಂಡಿತು. ಟೀಗೆ ಹೋಗಿ ಬರುತ್ತೇನೆ ಅನ್ನುತ್ತಿರಬೇಕು ಅಂದುಕೊಂಡು ತಲೆಯಾಡಿಸಿದೆ. ಕೇಳಿಸದವರು ಎಲ್ಲದಕ್ಕೂ ತಲೆಯಾಡಿಸುತ್ತಾರೆ, ಪ್ರಾಸಮ್ಮ. "ಏನಂದೆ?" ಅಂತ ಎರಡನೆಯ ಸಲ ಕೇಳುವುದು ನಾಚಿಕೆ. ಪೇಂಟರು ಕೆಳಗೆ ಹೋದರು. ನಾನು ಬಸ್ಸಿಗೆ ಬೆನ್ನು ಮಾಡಿ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಜನ ಓಡುವುದು ಕಂಡು ತಿರುಗಿದೆ.

ಇಷ್ಟರವರೆಗೆ ಕಿವಿಯ ತಪ್ಪು ಅನ್ನಬಹುದು. ಮುಂದಿನದು ಹಾಗಲ್ಲ. ವಿಚಾರಣೆಯ ಪ್ರಶ್ನೆ ಹಾಳೆಯ ಮೇಲೆ ಅಚ್ಚಾಗಿತ್ತು. "ನಟ್ಟಿನ ಬಿಗಿ ಬಾಕಿ ಇರುವುದನ್ನು ಫಿಟ್ಟರ್ ನಿಮಗೆ ತಿಳಿಸಿದ್ದರೇ?" ಅಷ್ಟು ಹೊತ್ತಿಗೆ ಆ ತುಟಿ ಏನು ಹೇಳಿತ್ತು ಅಂತ ನನಗೆ ಅರ್ಥವಾಗಿತ್ತು. ಕೇಳಿಸಲಿಲ್ಲ ಅನ್ನುವ ನೆಪವೂ ಇರಲಿಲ್ಲ, ಕಣ್ಣು ಚೆನ್ನಾಗಿಯೇ ಇತ್ತು. "ಇಲ್ಲ" ಅಂತ ಬರೆದು ಸಹಿ ಹಾಕಿದೆ.

ಅವನು ಹೇಳಿದ್ದ. ಇದನ್ನು ಅವನಿಗೆ ಓದಿ ಹೇಳಬೇಡ, ಹಾಳೆಯನ್ನೇ ಕೈಗೆ ಕೊಡು.

ಈಗ ಬಸ್ಸು. ಟಯರಿನವನು ಹೇಳಿದ್ದು ಸರಿ. ಅಚ್ಚಿನ ಮೇಲೆ, ಬಸ್ಸಿನ ಎತ್ತರಕ್ಕೆ ತಕ್ಕಂತೆ ಚೀಲಕ್ಕೆ ಗಾಳಿ ಬಿಡುವ ಲೆವೆಲಿಂಗ್ ವಾಲ್ವ್ ಇದೆ, ಅದಕ್ಕೆ ಬರುವ ಪೈಪಿನ ನಟ್ಟು ಸಡಿಲವಾಗಿರುತ್ತದೆ. ನಿನ್ನ ಮೊದಲನೇ ಅಳತೆ ಕಂಡಾಗಲೇ ಅದೇ ಇರಬೇಕು ಅನ್ನಿಸಿತ್ತು. ಅದು ಅದೇ ನಟ್ಟು, ಬೇರೆ ಬಸ್ಸಿನದು. ಹೆಸರು ಬರೆಯಲು ಕೈ ಬರಲಿಲ್ಲ, ಚೀಲ ಕಳಿಸಿದೆ. ನಾಲ್ಕು ಸ್ಟ್ಯಾಂಡು ಇಡದೆ ಯಾರೂ ಕೆಳಗೆ ಹೋಗಕೂಡದು. ಸೋಪು ನೀರು ಬಳಿಯಿರಿ. ಅವನ ಕಿವಿ ಚೆನ್ನಾಗಿದ್ದರೂ ಬಳಿಯಿರಿ.

ಅಣ್ಣ


ಜುಲೈ ೧೯

ಅಣ್ಣ,

ನಿನ್ನ ಕಾಗದ ಬಂದು ಹನ್ನೆರಡು ದಿನ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ.

ಹಾಳೆಯನ್ನು ಇವರ ಕೈಗೆ ಕೊಟ್ಟೆ. ಬಸ್ಸಿನ ಮೆಟ್ಟಿಲ ಮೇಲೆ ಕೂತು ಓದಿದರು. ಆ ಬಾಗಿಲ ಮೇಲೆ ನನ್ನದೇ ಬೋರ್ಡಿದೆ, "ಏರುವಾಗ ಮೆಟ್ಟಿಲು ನೋಡಿ, ಇಳಿಯುವಾಗ ಪುಸ್ತಕ ನೀಡಿ". ಅದರ ಕೆಳಗೆ ಕೂತು ಇವರು ಒಂದೇ ಸಾಲನ್ನು ಬೆರಳಿಟ್ಟು ಓದುತ್ತಿದ್ದರು. ಕೊನೆಗೆ ತಲೆ ಎತ್ತಿ "ನಾನು ಹೇಳಿದ್ದೆ" ಅಂದರು. ಹಾಳೆಯನ್ನು ನನ್ನ ಕಡೆ ತಿರುಗಿಸಿ ಮತ್ತೆ, "ನೋಡು, ಹೇಳಿದ್ದೆ." ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಯಾಕೆ ಅಂದರೆ, ಹನ್ನೆರಡು ವರ್ಷದ ಹಿಂದೆ ವಿಚಾರಣೆ ಮುಗಿಸಿ ಬಂದು ಇವರು ಇದೇ ಮಾತು ಹೇಳಿದಾಗ ನಾನು ಒಲೆಯ ಮುಂದೆ ನಿಂತು ಏನಂದಿದ್ದೆ ಗೊತ್ತಾ? "ಅಣ್ಣ ಯಾಕೆ ಸುಳ್ಳು ಹೇಳ್ತಾನೆ?" ಅಂದಿದ್ದೆ. ತಿರುಗಿಯೂ ನೋಡಿರಲಿಲ್ಲ. ಆ ದಿನದಿಂದ ಇವರು ಆ ಮಾತು ಎತ್ತಲಿಲ್ಲ. ನನಗೆ ಎರಡು ಕಿವಿಯೂ ಚೆನ್ನಾಗಿದ್ದವು, ಅಣ್ಣ. ನಿನ್ನದಕ್ಕೆ ಕಂಪ್ರೆಸರಿನ ಹೆಸರು ಹೇಳಬಹುದು. ನನ್ನದಕ್ಕೆ ಏನು ಹೇಳಲಿ?

ಭಾನುವಾರ ಟಯರ್ ಅಂಗಡಿಯಿಂದ ನಾಲ್ಕು ಸ್ಟ್ಯಾಂಡು ತಂದರು. ಒಂದೊಂದನ್ನೂ ಕಾಲಿಂದ ಒದ್ದು ನೋಡಿದರು. ಕೆಳಗೆ ತೂರುವ ಮುಂಚೆ ಐದು ನಿಮಿಷ ಚಕ್ರ ಹಿಡಿದುಕೊಂಡು ನಿಂತಿದ್ದರು, ನಾನು ಮುಖ ಆ ಕಡೆ ಮಾಡಿಕೊಂಡಿದ್ದೆ. ಆಮೇಲೆ ಇವರ ಎರಡು ಕಾಲು ಮಾತ್ರ ಕಾಣುತ್ತಿತ್ತು. "ಬ್ರಶ್ ಕೊಡು" ಅಂದರು. ಕೊಟ್ಟೆ. "ಗುಳ್ಳೆ ನೋಡು ಗುಳ್ಳೆ! ಮಕ್ಕಳು ಊದಿದ ಹಾಗೆ ಬರ್ತಿದೆ" ಅಂದರು. ನೀನು ಹೇಳಿದ ನಟ್ಟೇ. ಅರ್ಧ ಸುತ್ತು ತಿರುಗಿತು.

ನಿನ್ನೆ ತಪಾಸಣೆ ಆಯಿತು. ಪಾಸು. ಅಧಿಕಾರಿ ನಾಲ್ಕೂ ಮೂಲೆಯ ಸೀಮೆಸುಣ್ಣದ ಬರಹ ನೋಡಿ "ಇದೇನ್ರೀ, ಅಜ್ಜಿಗೆ ಜ್ವರದ ಚಾರ್ಟಾ?" ಅಂದರು.

ನಿನಗೆ ಎರಡು ಸಾಲು ಬರೆಯಿರಿ ಅಂತ ಇವರಿಗೆ ಹೇಳಿದೆ. ಬೆಳಗ್ಗೆಯಿಂದ ಕೂತು ಇದನ್ನು ಬರೆದಿದ್ದಾರೆ. ಭಾವ ಅಂತ ಶುರು ಮಾಡಲಿಲ್ಲ. ಒತ್ತಾಯ ಮಾಡಲಿಲ್ಲ ನಾನು.

ತಂಗಿ

(ಜೊತೆಗಿಟ್ಟ ಚೀಟಿ)

ಮೇಸ್ತ್ರಿಯವರಿಗೆ,
ಎಡ ಹಿಂದಿನ ಲೆವೆಲಿಂಗ್ ವಾಲ್ವಿನ ಪೈಪಿನ ನಟ್ಟಿಗೆ ಕೊನೆಯ ಸುತ್ತು ಕೊಟ್ಟಿದ್ದೇನೆ. ಸೋಪು ನೀರು ಹಾಕಿ ನೋಡಿದೆ. ಗುಳ್ಳೆ ಇಲ್ಲ. ಆರು ದಿನ ಅಳೆದೆವು, ಇಳಿದಿಲ್ಲ. ಇದನ್ನು ನಿಮಗೆ ತಿಳಿಸಿದ್ದೇನೆ. ತಿಳಿಸಿದ್ದಕ್ಕೆ ಕೆಳಗೆ ಸಹಿ ಮಾಡಿ ಈ ಚೀಟಿಯನ್ನು ವಾಪಸು ಕಳಿಸಬೇಕು.
ಫಿಟ್ಟರ್


ಜುಲೈ ೨೫

ತಂಗಿ,

ವರ್ಕ್‌ಶಾಪಿಗೆ ಕಾಗದ ಬರೆದೆ. ನಕಲು ಇದರಲ್ಲಿದೆ. ಅದೇ ಪ್ರಶ್ನೆ, ಉತ್ತರ ಮಾತ್ರ "ಹೌದು". ಅವರು ಏನು ಮಾಡುತ್ತಾರೋ ಮಾಡಲಿ.

ಪೇಂಟರ ಮನೆಗೂ ಹೋಗಿದ್ದೆ. ಮಂಡಿ ನೋವು ಸುಳ್ಳು, ಅದನ್ನೂ ಬರೆದುಬಿಡುತ್ತೇನೆ. ಅವರ ಬಲಗೈ ಎದೆಯಿಂದ ಮೇಲೆ ಏಳುವುದಿಲ್ಲ. ಎಡಗೈಯಲ್ಲಿ ನಂಬರ್ ಪ್ಲೇಟು ಬರೆಯುತ್ತಾರೆ, ಅಕ್ಷರ ಈಗಲೂ ಮುದ್ದಾಗಿದೆ. ಎಲ್ಲವನ್ನೂ ಬರೆದುಕೊಂಡು ಹೋಗಿದ್ದ ಹಾಳೆ ಕೊಟ್ಟೆ. ಓದಿದರು. ಬ್ರಶ್ಶು ತೆಗೆದುಕೊಂಡು ಒಂದು ಖಾಲಿ ತಗಡಿನ ಮೇಲೆ ಬರೆದು ತೋರಿಸಿದರು: "ಬಸ್ಸು ನನ್ನ ಮೇಲೆ ಇಳಿಯುವಾಗ ನಿನ್ನ ಹೆಸರು ಹಿಡಿದು ಕೂಗಿದೆ. ನಿನ್ನ ಕಾಲು ಕಾಣುತ್ತಿತ್ತು. ನೀನು ತಿರುಗಲಿಲ್ಲ. ಕೇಳಿಸಿಯೂ ತಿರುಗಲಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ."

ನಾನು ಆ ತಗಡನ್ನು ನೋಡುತ್ತಾ ನಿಂತಿದ್ದೆ. ಅವರು ಅದನ್ನು ಒರೆಸಲಿಲ್ಲ. ಕ್ಷಮಿಸಿದೆ ಅಂತಲೂ ಬರೆಯಲಿಲ್ಲ. ಕುರ್ಚಿ ತೋರಿಸಿದರು. ಕೂತೆ. ಅವರು ಇನ್ನೊಂದು ಪ್ಲೇಟು ಬರೆದು ಮುಗಿಸುವ ತನಕ ಕೂತಿದ್ದೆ.

ನನ್ನ ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ಎಡಗಿವಿಗೆ ಸ್ವಲ್ಪ ಬರುತ್ತದೆ. ಮೊದಲು ಕೇಳಿಸಿದ್ದು ಮನೆಯ ನಲ್ಲಿ ತೊಟ್ಟಿಕ್ಕುವುದು. ಎಷ್ಟು ವರ್ಷದಿಂದ ಸೋರುತ್ತಿದೆಯೋ ಅಂತ ನಿನ್ನ ಅತ್ತಿಗೆಯನ್ನು ಕೇಳಿದರೆ "ಈಗ ಕೇಳ್ತಿದೀರಾ?" ಅಂದಳು.

ಭಾವನ ಚೀಟಿ ಸಹಿ ಮಾಡಿ ಇಟ್ಟಿದ್ದೇನೆ. ಸಹಿಯ ಮೇಲೆ ಮೂರು ಪದ ಸೇರಿಸಿದ್ದೇನೆ, ಅವನಿಗೆ ಬೇಡವಾದರೆ ಹೊಡೆದು ಹಾಕಲಿ.

ಅಣ್ಣ

(ಚೀಟಿಯ ಕೆಳಗೆ)

ತಿಳಿಸಿದಿರಿ. ಅವತ್ತೂ ತಿಳಿಸಿದ್ದಿರಿ.
— ಮೇಸ್ತ್ರಿ